ಕೇಟಿಯಿಂದ ಸ್ಯಾನ್ ಆಂಟೋನಿಯೊ: ಅಪ್ಪ-ಅಮ್ಮನನ್ನು ಕರೆದುಕೊಂಡು ಬೆಳಗ್ಗೆ ಹೋಗಿ ರಾತ್ರಿಯೊಳಗೆ ಬರಬಹುದೇ?

ಭದ್ರಾ ತೀರ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಭದ್ರಾವತಿಯಿಂದ ಇಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ಪಕ್ಕದ ಕೇಟಿಗೆ ಬಂದು ಎರಡು ತಿಂಗಳಾಯಿತು. ಜೂನ್ ಮೂರನೆಯ ವಾರ ವಾಪಸು ಹೊರಡುತ್ತಾರೆ. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ, ಗ್ಯಾಲ್ವೆಸ್ಟನ್ ಸಮುದ್ರ, ನಾಸಾದ ಸ್ಪೇಸ್ ಸೆಂಟರ್, ಇದುವರೆಗೆ ತೋರಿಸಿದ್ದು ಇಷ್ಟೇ. ಊರಿಗೆ ಹೋಗುವ ಮುಂಚೆ ಒಮ್ಮೆ ಸ್ಯಾನ್ ಆಂಟೋನಿಯೊ ತೋರಿಸಬೇಕೆಂದು ಮನಸ್ಸು.

ನಮಗೆ ಸಿಗುವುದು ಜೂನ್ ಮೊದಲ ಶನಿವಾರ ಒಂದೇ. ಭಾನುವಾರ ಬೆಳಗ್ಗೆ ಏಳಕ್ಕೆ ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿ ಇದೆ. ಹಾಗಾಗಿ ಅಲ್ಲಿ ಉಳಿಯುವ ಮಾತಿಲ್ಲ. ನಮ್ಮ ಮನೆಯಿಂದ ಐ-10 ಹೆದ್ದಾರಿ ಹಿಡಿದರೆ ಸುಮಾರು 170 ಮೈಲಿ, ಎರಡೂವರೆ ಗಂಟೆ ಎಂದು ಮೊಬೈಲ್ ತೋರಿಸುತ್ತಿದೆ.

ಅಪ್ಪನಿಗೆ 74, ಗಟ್ಟಿಯಾಗಿದ್ದಾರೆ. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಮ್ಮನಿಗೆ 68, ಮಂಡಿನೋವು. ಒಂದು ಗಂಟೆಗಿಂತ ಹೆಚ್ಚು ಕುಳಿತರೆ ಎದ್ದು ನಿಲ್ಲುವುದು ಕಷ್ಟ. ಜೊತೆಗೆ ಆರು ವರ್ಷದ ಮಗ. ನಾನು ಬರೆದುಕೊಂಡಿರುವ ಪಟ್ಟಿ: ಯುದ್ಧ ನಡೆದ ಹಳೆಯ ಚರ್ಚು ಅಲಾಮೊ, ನದಿದಂಡೆಯ ರಿವರ್ ವಾಕ್‌ನ ದೋಣಿ, ಟವರ್ ಆಫ್ ದಿ ಅಮೆರಿಕಾಸ್, ಎರಡು ಹಳೆಯ ಮಿಷನ್‌ಗಳು (ಸ್ಪೇನಿನ ಪಾದ್ರಿಗಳ ನೆಲೆಗಳು), ನ್ಯಾಚುರಲ್ ಬ್ರಿಡ್ಜ್ ಗುಹೆಗಳು, ದಾರಿಯಲ್ಲಿ ಬಕೀಸ್ ಎಂಬ ದೊಡ್ಡ ಪೆಟ್ರೋಲ್ ಬಂಕು-ಅಂಗಡಿ. ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಸಾಕು. ಇದು ಆಗುವ ಮಾತೇ? ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಡಲ್ಲಾಸ್‌ನ ಧಾರವಾಡದವ

ಧಾರಾಳವಾಗಿ ಆಗುತ್ತದೆ. ನಾವು ಡಲ್ಲಾಸ್‌ನಿಂದ ಆಸ್ಟಿನ್‌ಗೆ ಸುಮಾರು 195 ಮೈಲಿ ಹೋಗಿ ಅದೇ ದಿನ ಬರುತ್ತೇವೆ, ಅದೂ ಲಾರಿಗಳಿಂದ ಕಿಕ್ಕಿರಿದ ಐ-35ರಲ್ಲಿ. ಐ-10 ಅದರ ಮುಂದೆ ಏನೂ ಅಲ್ಲ.

ತುಂಗೆಯ ಮಗಳು

ಆಗುವುದಿಲ್ಲ ಎಂದೇ ನಾನು ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಮೂರು ದಿನದ ಕೆಲಸವಿದೆ. ಗುಹೆಯನ್ನು ಮೊದಲು ಹೊಡೆದುಹಾಕಿ. ಅದು ನಗರದಿಂದ ಈಶಾನ್ಯಕ್ಕೆ ಬೇರೆಯೇ ದಿಕ್ಕು. ಒಳಗೆ 180 ಅಡಿ ಆಳಕ್ಕೆ ಇಳಿಯಬೇಕು, ಮತ್ತೆ ಏರಬೇಕು, ನೆಲ ಯಾವಾಗಲೂ ಒದ್ದೆ. ಮಂಡಿನೋವಿರುವ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ತಪ್ಪು.

ಆಸ್ಟಿನ್ ವಾಸಿ

ಎಂಟಕ್ಕೆ ಹೊರಡುವುದು ಬೇಡವೇ ಬೇಡ. ಜೂನ್ ತಿಂಗಳಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಬಯಲು ಸುತ್ತಲು ಸಿಗುವುದು ಬೆಳಗಿನ ಹನ್ನೊಂದರವರೆಗೆ ಮಾತ್ರ. ನೀವು ಎಂಟಕ್ಕೆ ಹೊರಟು, ಒಂದು ಕಡೆ ನಿಂತು, ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅದೇ ಹೊತ್ತಾಗುತ್ತದೆ. ಅಂದರೆ ದಿನದ ಒಳ್ಳೆಯ ಭಾಗವನ್ನು ಕಾರಿನೊಳಗೆ ಕಳೆದು, ಕೆಟ್ಟ ಭಾಗದಲ್ಲಿ ಅಪ್ಪ-ಅಮ್ಮನನ್ನು ನಡೆಸುತ್ತೀರಿ.

ಆರಕ್ಕೆ ಮುಂಚೆ ಮನೆ ಬಿಡಿ. ಸಂಜೆ ನಾಲ್ಕಕ್ಕೆ ಅಲ್ಲಿಂದ ಹೊರಡಿ.

ಮೈಲಿಗಲ್ಲು

ಇಷ್ಟೊಂದು ಲೆಕ್ಕಾಚಾರ ಏಕೆ? ಟೆಕ್ಸಾಸ್‌ನಲ್ಲಿ ಗಂಟೆಗೆ 85 ಮೈಲಿ ವೇಗಕ್ಕೆ ಅನುಮತಿ ಇದೆ. ಹಾಗೆ ಓಡಿಸಿದರೆ ಎರಡು ಗಂಟೆಯಲ್ಲಿ ಅಲಾಮೊ ಮುಂದೆ ಇರುತ್ತೀರಿ.

ಆಸ್ಟಿನ್ ವಾಸಿ

ತಪ್ಪು ಮಾಹಿತಿ ಕೊಡಬೇಡಿ. 85 ಇರುವುದು ರಾಜ್ಯ ಹೆದ್ದಾರಿ 130ರಲ್ಲಿ, ಅದೂ ಆಸ್ಟಿನ್‌ನ ದಕ್ಷಿಣದಿಂದ ಸೆಗೀನ್‌ವರೆಗಿನ ಸುಮಾರು 41 ಮೈಲಿಯಲ್ಲಿ ಮಾತ್ರ. ಅದು 2012ರಲ್ಲಿ ತೆರೆದ ಸುಂಕದ ರಸ್ತೆ. ಇವರ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಐ-10ರಲ್ಲಿ ಊರು ದಾಟಿದ ಮೇಲೆ 75. ಕಾಮಗಾರಿ ನಡೆಯುವಲ್ಲಿ ಇನ್ನೂ ಕಡಿಮೆ, ಅಲ್ಲಿ ಕೆಲಸಗಾರರಿದ್ದರೆ ದಂಡ ಇಮ್ಮಡಿ.

ರಾತ್ರಿಪಾಳಿ

ವೇಗದ ಮಾತು ಬಿಡಿ. ನಾನು ದಾದಿ, ಹ್ಯೂಸ್ಟನ್‌ನಲ್ಲೇ ಇದ್ದೇನೆ. ನನ್ನ ಅತ್ತೆಯವರಿಗೆ ಆದದ್ದನ್ನು ಬರೆಯುತ್ತೇನೆ, ನಿಮಗೆ ಉಪಯೋಗವಾಗಬಹುದು.

ಎರಡು ವರ್ಷದ ಹಿಂದೆ ಜುಲೈನಲ್ಲಿ ಅವರನ್ನು ಇದೇ ಊರಿಗೆ ಇದೇ ರೀತಿ ಕರೆದುಕೊಂಡು ಹೋಗಿದ್ದೆವು. ಬೆಳಗ್ಗೆಯಿಂದ ಎಷ್ಟು ಸಲ ಕೇಳಿದರೂ "ನೀರು ಬೇಡ, ಸಾಕು" ಎಂದರು. ಮಧ್ಯಾಹ್ನ ಒಂದೂವರೆಗೆ ರಿವರ್ ವಾಕ್‌ನ ಮೆಟ್ಟಿಲ ಬಳಿ ಗೋಡೆ ಹಿಡಿದುಕೊಂಡು ನಿಂತವರು ಹಾಗೆಯೇ ಕುಸಿದರು. ತುಟಿ ಒಣಗಿ ಬಿಳಿಯಾಗಿತ್ತು. ಪಕ್ಕದ ಅಂಗಡಿಯವರು ಒಳಗೆ ಕೂರಿಸಿ ತಣ್ಣೀರಿನ ಬಟ್ಟೆ ಕೊಟ್ಟರು. ನಿಧಾನವಾಗಿ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ರಾತ್ರಿ ಮನೆಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ದಾರಿಯಲ್ಲಿ ಪದೇಪದೇ ಗಾಡಿ ನಿಲ್ಲಿಸು ಎನ್ನಲು ಸಂಕೋಚವಾಯಿತಮ್ಮ, ಅದಕ್ಕೇ ಕುಡಿಯಲಿಲ್ಲ."

ನಮ್ಮ ತಾಯಂದಿರಲ್ಲಿ ಬಹಳ ಜನ ಹೀಗೆಯೇ. ಮಗ-ಸೊಸೆಗೆ ತೊಂದರೆ ಕೊಡಬಾರದೆಂದು ಬಾಯಾರಿಕೆಯನ್ನು ತಡೆದುಕೊಳ್ಳುತ್ತಾರೆ. ನೀವು ಕೇಳುತ್ತಾ ಕೂರಬೇಡಿ. ಪ್ರತಿ ಮುಕ್ಕಾಲು ಗಂಟೆಗೆ ನೀವೇ ನಿಲ್ಲಿಸಿ. "ನನಗೆ ಹೋಗಬೇಕು" ಎಂದು ನೀವೇ ಮೊದಲು ಇಳಿಯಿರಿ, ಅವರು ಹಿಂದೆ ಬರುತ್ತಾರೆ.

ಭದ್ರಾ ತೀರ

ಮೇಡಂ, ಇದನ್ನು ಓದಿ ಅಮ್ಮನ ಮುಖ ನೋಡಿದೆ. ಗ್ಯಾಲ್ವೆಸ್ಟನ್‌ಗೆ ಹೋದಾಗಲೂ ಅವರು ಇಡೀ ದಿನ ಒಂದು ಲೋಟ ನೀರು ಕುಡಿದಿದ್ದರು. ನನಗೆ ಹೊಳೆದೇ ಇರಲಿಲ್ಲ. ತುಂಬಾ ಧನ್ಯವಾದ.

ಕೇಟಿ ಕಾವೇರಿ

ನಿಲ್ಲುವ ಜಾಗ ಹೇಳುತ್ತೇನೆ, ಈ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದೇನೆ. ಮೊದಲ ನಿಲುಗಡೆ ಕೊಲಂಬಸ್. ಅಲ್ಲಿ ದಾಟುವ ನದಿ ಕೊಲೊರಾಡೊ. ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೊ ಬೇರೆ, ಇದು ಬೇರೆ. ಇದು ಟೆಕ್ಸಾಸ್‌ನಲ್ಲೇ ಹುಟ್ಟಿ, ಆಸ್ಟಿನ್ ಮಧ್ಯೆ ಹರಿದು, ಟೆಕ್ಸಾಸ್‌ನಲ್ಲೇ ಸಮುದ್ರ ಸೇರುತ್ತದೆ. ನದಿ ಅಂದರೆ ನಿಮ್ಮ ತಂದೆಯವರಿಗೆ ಆಸಕ್ತಿ ಇರಬೇಕು. ಬ್ರಾಜಸ್, ಕೊಲೊರಾಡೊ, ಗ್ವಾಡಲೂಪ್ ಮೂರನ್ನೂ ಈ ದಾರಿಯಲ್ಲಿ ದಾಟುತ್ತೀರಿ. ಒಂದೊಂದಾಗಿ ತೋರಿಸಿ.

ಎರಡನೆಯದು ಲೂಲಿಂಗ್‌ನ ಬಕೀಸ್. 2024ರ ಜೂನ್‌ನಲ್ಲಿ ತೆರೆದದ್ದು, 75 ಸಾವಿರ ಚದರಡಿ, 120 ಪೆಟ್ರೋಲ್ ಪಂಪು. ದೊಡ್ಡದು ಎನ್ನುವುದಕ್ಕಿಂತ ಅಲ್ಲಿಯ ಶೌಚಾಲಯದ ಸ್ವಚ್ಛತೆಗಾಗಿ ಹೇಳುತ್ತಿದ್ದೇನೆ. ಅಮ್ಮ ಸಂಕೋಚವಿಲ್ಲದೆ ಹೋಗಿ ಬರಬಹುದು. ಆದರೆ ಕೂರಲು ಒಳಗೆ ಕುರ್ಚಿ ಇಲ್ಲ, ನೆನಪಿರಲಿ. ಮಡಚುವ ಕುರ್ಚಿಯೊಂದು ಡಿಕ್ಕಿಯಲ್ಲಿರಲಿ.

ಬೆಣ್ಣೆದೋಸೆ

ಲೂಲಿಂಗ್ ಎಂದರೆ ಕಲ್ಲಂಗಡಿ! ಜೂನ್ ಕೊನೆಯ ವಾರ ಅಲ್ಲಿ ಕಲ್ಲಂಗಡಿ ಹಬ್ಬ ನಡೆಯುತ್ತದೆ, 1954ರಿಂದ ನಡೆದುಕೊಂಡು ಬಂದಿದೆ. ಬೀಜ ಉಗುಳುವ ಸ್ಪರ್ಧೆ ಇದೆ. 1989ರಲ್ಲಿ ಒಬ್ಬರು 68 ಅಡಿಗೂ ದೂರ ಉಗುಳಿ ವಿಶ್ವದಾಖಲೆ ಮಾಡಿದರು. ನಿಮ್ಮ ಮಗನಿಗೆ ಬಹಳ ಖುಷಿಯಾದೀತು.

ತುಂಗೆಯ ಮಗಳು

ಅಣ್ಣ, ಅವರ ತಂದೆ-ತಾಯಿ ಮೂರನೆಯ ವಾರವೇ ಹೊರಡುತ್ತಾರೆ. ಮೇಲಿನದನ್ನು ಓದಿ ಬರೆಯಿರಿ.

ಬೆಣ್ಣೆದೋಸೆ

ಸರಿ, ನೋಡಲಿಲ್ಲ. ಹಬ್ಬವಿಲ್ಲದಿದ್ದರೂ ಲೂಲಿಂಗ್ ಊರೊಳಗೆ ಎಣ್ಣೆ ತೆಗೆಯುವ ಪಂಪುಗಳಿಗೆ ಬಣ್ಣಬಣ್ಣದ ಗೊಂಬೆ ಕಟ್ಟಿದ್ದಾರೆ. ತಲೆ ಆಡಿಸುತ್ತಾ ಇರುತ್ತವೆ. ಮಕ್ಕಳಿಗೆ ಅದೂ ಸಾಕು.

ಹಳಗನ್ನಡಿಗ

ನಾನು ಬೇರೆಯದೇ ಮಾತು ಹೇಳಬೇಕು. ಅಲಾಮೊ ನೋಡಲು ಅಷ್ಟು ದೂರ ಏಕೆ ಹೋಗಬೇಕು? ಅಲ್ಲಿರುವುದು ಒಂದು ಸಣ್ಣ ಕಲ್ಲಿನ ಚರ್ಚು. ಸುತ್ತ ಹೋಟೆಲು, ಅಂಗಡಿ, ಗದ್ದಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡಿದವರಿಗೆ ಅದು ಕಣ್ಣಿಗೆ ಹಿಡಿಸುವುದಿಲ್ಲ. ನನ್ನ ಅಪ್ಪ ಐದು ನಿಮಿಷದಲ್ಲಿ ಹೊರಗೆ ಬಂದು "ಇಷ್ಟೇ ಏನೋ?" ಎಂದರು.

ನದಿದಂಡೆ

ನಾನು ಸ್ಯಾನ್ ಆಂಟೋನಿಯೊದಲ್ಲೇ ಹನ್ನೆರಡು ವರ್ಷದಿಂದ ಇದ್ದೇನೆ. ಕಲ್ಲಿನ ಗಾತ್ರ ನೋಡಿ ಜಾಗದ ಬೆಲೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

1718ರಲ್ಲಿ ಶುರುವಾದ ಮಿಷನ್ ಅದು. 1836ರ ಫೆಬ್ರವರಿ 23ರಿಂದ ಮಾರ್ಚ್ 6ರವರೆಗೆ ಹದಿಮೂರು ದಿನ ಮುತ್ತಿಗೆ. ಹೊರಗೆ ಮೆಕ್ಸಿಕೊದ ಅಧ್ಯಕ್ಷ ಸಾಂಟಾ ಆನಾನ ಸೈನ್ಯ, ಒಳಗೆ ಮೆಕ್ಸಿಕೊ ಸರ್ಕಾರದ ವಿರುದ್ಧ ಎದ್ದ ಟೆಕ್ಸಾಸ್ ಕಡೆಯ ಇನ್ನೂರರ ಆಸುಪಾಸಿನ ಜನ. ಹೋರಾಡಿದವರು ಬಹುತೇಕ ಎಲ್ಲರೂ ಸತ್ತರು. ಬದುಕಿ ಉಳಿದ ಹೆಂಗಸರು, ಮಕ್ಕಳು ಮತ್ತು ದಳಪತಿ ಟ್ರಾವಿಸ್‌ನ ಗುಲಾಮನಾಗಿದ್ದ ಜೋ, ಇವರ ಬಾಯಿಂದಲೇ ಕಥೆ ಹೊರಗೆ ಬಂತು. ಆರು ವಾರದ ನಂತರ ನಿಮ್ಮ ಹ್ಯೂಸ್ಟನ್ ಪಕ್ಕದ ಸ್ಯಾನ್ ಜಸಿಂಟೊದಲ್ಲಿ ಸಾಂಟಾ ಆನಾ ಸೋತ. ಅಲ್ಲಿಯ ಸ್ಮಾರಕ ಕಂಬ 567 ಅಡಿ, ವಾಷಿಂಗ್ಟನ್ ಸ್ಮಾರಕಕ್ಕಿಂತ ಎತ್ತರ. ಹೊರಡುವ ಹಿಂದಿನ ದಿನ ಇಷ್ಟು ಕಥೆ ಮನೆಯಲ್ಲೇ ಕೂತು ಹೇಳಿ. ಕಥೆ ಗೊತ್ತಿಲ್ಲದೆ ಹೋದರೆ ಚಿತ್ರದುರ್ಗವೂ ಬರೀ ಕಲ್ಲೇ. ಓಬವ್ವನ ಕಿಂಡಿ ಒಂದು ಸಂದಿಯಷ್ಟೆ. ನಾವು ಅದರ ಮುಂದೆ ನಿಂತು ಕಣ್ಣು ತುಂಬಿಕೊಳ್ಳುವುದು ಏಕೆ?

ಹಳಗನ್ನಡಿಗ

ಓಬವ್ವನ ಹೋಲಿಕೆ ಒಪ್ಪಿದೆ. ಆದರೆ ಕಥೆ ಹೇಳುವುದಾದರೆ ಪೂರ್ತಿ ಹೇಳಿ. ಮೆಕ್ಸಿಕೊ 1829ರಲ್ಲೇ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಟೆಕ್ಸಾಸ್‌ಗೆ ಬಂದು ನೆಲೆಸಿದ ಹತ್ತಿ ಬೆಳೆಗಾರರಿಗೆ ಅದು ಬೇಕಿರಲಿಲ್ಲ. ಸ್ವಾತಂತ್ರ್ಯದ ಹೋರಾಟ ಎಂದು ಅಷ್ಟನ್ನೇ ಹೇಳಿ ಮೊಮ್ಮಗನನ್ನು ಕಳಿಸಬಾರದು.

ನದಿದಂಡೆ

ಅದನ್ನೂ ಹೇಳಬೇಕು, ನಿಜ. ಒಳಗೆ ಸತ್ತವರಲ್ಲಿ ಸ್ಪ್ಯಾನಿಷ್ ಮನೆಮಾತಿನ ತೆಹಾನೋ ಜನರೂ ಇದ್ದರು ಎನ್ನುವುದನ್ನೂ ಹೇಳಬೇಕು.

ಭದ್ರಾ ತೀರ ಅವರೇ, ಒಂದು ಕೆಲಸ ಈಗಲೇ ಮಾಡಿ. ಅಲಾಮೊ ಚರ್ಚಿನೊಳಗೆ ಪ್ರವೇಶ ಉಚಿತ, ಆದರೆ ಸಮಯ ಗೊತ್ತುಮಾಡಿದ ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕು. ಶನಿವಾರ ಹಾಗೆಯೇ ಹೋಗಿ ನಿಂತರೆ ಬಿಸಿಲಲ್ಲಿ ಕಾಯಬೇಕಾಗುತ್ತದೆ.

ಇನ್ನೊಂದು. ನಿಮ್ಮ ತಂದೆ ನೀರಾವರಿ ಇಲಾಖೆಯವರು ಎಂದು ಓದಿದ ಕ್ಷಣದಿಂದ ಹೇಳಬೇಕೆಂದು ಕಾಯುತ್ತಿದ್ದೇನೆ. ಟವರ್ ಬಿಟ್ಟುಬಿಡಿ. 1968ರ ವಿಶ್ವಮೇಳಕ್ಕೆ ಕಟ್ಟಿದ 750 ಅಡಿಯ ಗೋಪುರ, ಚೆನ್ನಾಗಿದೆ, ಆದರೆ ಎತ್ತರದಿಂದ ಊರು ನೋಡುವುದು ಎಲ್ಲಿಯೂ ಆಗುತ್ತದೆ. ಅದರ ಬದಲು ದಕ್ಷಿಣಕ್ಕೆ ಹೋಗಿ ಎಸ್ಪಾಡಾ ಮಿಷನ್‌ನ ಮೇಲ್ಗಾಲುವೆ ತೋರಿಸಿ. 1740ರ ದಶಕದಲ್ಲಿ ಕಟ್ಟಿದ್ದು. ಹಳ್ಳದ ಮೇಲೆ ಕಲ್ಲಿನ ಕಮಾನು ಕಟ್ಟಿ ಅದರ ಮೇಲೆ ನಾಲೆ ದಾಟಿಸಿದ್ದಾರೆ. ಸ್ಯಾನ್ ಆಂಟೋನಿಯೊ ನದಿಗೆ ಒಡ್ಡು ಹಾಕಿ ತಿರುಗಿಸಿದ ನೀರು ಬರೀ ಇಳಿಜಾರಿನ ಬಲದಿಂದ ಹರಿಯುತ್ತದೆ. ಇಲ್ಲಿ ಅಂಥ ನಾಲೆಗೆ ಅಸೇಕಿಯಾ ಎನ್ನುತ್ತಾರೆ. ಈಗಲೂ ನೀರು ಹರಿಯುತ್ತಿದೆ. ಪ್ರವೇಶ ಶುಲ್ಕವಿಲ್ಲ, ಜನಸಂದಣಿ ಇಲ್ಲ, ಗಾಡಿ ಹತ್ತಿರದಲ್ಲೇ ನಿಲ್ಲುತ್ತದೆ. ಅಲಾಮೊ ಮತ್ತು ಉಳಿದ ನಾಲ್ಕು ಮಿಷನ್‌ಗಳು ಸೇರಿ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಭದ್ರಾ ತೀರ

ಸರ್, ಅಪ್ಪನಿಗೆ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ಬಂದು ಚಿತ್ರ ತೋರಿಸು ಎಂದರು. ಇದುವರೆಗೆ "ನಿನ್ನಿಷ್ಟ, ಎಲ್ಲಿಗಾದರೂ ಸರಿ" ಎನ್ನುತ್ತಿದ್ದವರು ಈಗ "ಮೊದಲು ಅಲ್ಲಿಗೇ ಹೋಗೋಣ" ಎನ್ನುತ್ತಿದ್ದಾರೆ.

ಮೈಲಿಗಲ್ಲು

ರೈಲು ಇಲ್ಲವೇ? ಕಾಲು ಚಾಚಿಕೊಂಡು ಹೋಗಬಹುದಲ್ಲ.

ಕೇಟಿ ಕಾವೇರಿ

ಸನ್‌ಸೆಟ್ ಲಿಮಿಟೆಡ್ ಎಂಬ ರೈಲಿದೆ, ವಾರಕ್ಕೆ ಮೂರೇ ದಿನ. ಹ್ಯೂಸ್ಟನ್‌ನಿಂದ ಸಂಜೆ ಹೊರಟು ಸ್ಯಾನ್ ಆಂಟೋನಿಯೊ ತಲುಪುವಾಗ ನಡುರಾತ್ರಿ. ಒಂದು ದಿನದ ಪ್ರವಾಸಕ್ಕೆ ಪ್ರಯೋಜನವಿಲ್ಲ.

ಅಡುಗೆಮನೆ

ಊಟದ ಬಗ್ಗೆ ಯಾರೂ ಬರೆದಿಲ್ಲ! ಸಸ್ಯಾಹಾರಿಗಳೇ?

ಭದ್ರಾ ತೀರ

ಹೌದು, ಅಪ್ಪ-ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಅಡುಗೆಮನೆ

ಹಾಗಾದರೆ ಇದನ್ನು ಗಮನವಿಟ್ಟು ಓದಿ. ಮೆಕ್ಸಿಕನ್ ಹೋಟೆಲಿನಲ್ಲಿ ಅನ್ನ ಮತ್ತು ಬೀನ್ಸ್ ಎಂದು ಧೈರ್ಯವಾಗಿ ತರಿಸಿಕೊಳ್ಳುತ್ತೇವೆ. ಆದರೆ ಅರೆದು ಹುರಿದ ಬೀನ್ಸ್‌ಗೆ ಹಲವು ಕಡೆ ಹಂದಿಯ ಕೊಬ್ಬು ಹಾಕುತ್ತಾರೆ, ಕೆಂಪು ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ. ಮೈದಾದ ಟೋರ್ಟಿಯಾದಲ್ಲೂ ಕೊಬ್ಬು ಇರಬಹುದು. "ಮಾಂಸ ಇದೆಯೇ" ಎಂದು ಕೇಳಿದರೆ "ಇಲ್ಲ" ಎಂದೇ ಹೇಳುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ಕೊಬ್ಬು ಯಾವುದು, ಸಾರು ಯಾವುದು ಎಂದು ಬಿಡಿಸಿ ಕೇಳಬೇಕು.

ವೈಮರ್, ಶೂಲೆನ್‌ಬರ್ಗ್ ಕಡೆ ಜೆಕ್ ಜನರ ಬೇಕರಿಗಳಲ್ಲಿ ಕೊಲಾಚಿ ಎಂಬ ಬನ್ನು ಸಿಗುತ್ತದೆ. ಹಣ್ಣು ಅಥವಾ ಚೀಸ್ ತುಂಬಿದ್ದು ಮಾಂಸವಿಲ್ಲದ್ದು, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಹಿರಿಯರಿಗೆ ಬೇಡ. ಸುರುಳಿಯಂತೆ ಮುಚ್ಚಿದ್ದರೊಳಗೆ ಸಾಸೇಜ್ ಇರುತ್ತದೆ, ಅದನ್ನು ಮುಟ್ಟಲೇಬೇಡಿ.

ನನ್ನ ಸಲಹೆ: ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಬೆಳಗಿನ ತಿಂಡಿಗೆ ಚಪಾತಿ, ಚಟ್ನಿಪುಡಿ. ಮಧ್ಯಾಹ್ನಕ್ಕೆ ಪುಳಿಯೋಗರೆ ಮತ್ತು ಮೊಸರನ್ನ. ಮೊಸರನ್ನಕ್ಕೆ ಮೊಸರಿಗಿಂತ ಹಾಲನ್ನೇ ಹೆಚ್ಚು ಹಾಕಿ, ಒಂದು ಚಮಚ ಹೆಪ್ಪು ಬೆರೆಸಿ ಕಲಸಿ, ಪೂರ್ತಿ ಆರಿದ ಮೇಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಿ. ಮಧ್ಯಾಹ್ನದವರೆಗೆ ಹುಳಿಯುವುದಿಲ್ಲ. ಮಜ್ಜಿಗೆಗೆ ಶುಂಠಿ, ಕರಿಬೇವು, ಉಪ್ಪು ಹಾಕಿ ಬಾಟಲಿಯಲ್ಲಿ ತುಂಬಿ. ನೀರು ಬೇಡ ಎನ್ನುವ ಅಮ್ಮ ಮಜ್ಜಿಗೆ ಬೇಡ ಎನ್ನುವುದಿಲ್ಲ.

ರಾತ್ರಿಪಾಳಿ

ಮಜ್ಜಿಗೆಯ ಮಾತು ನೂರಕ್ಕೆ ನೂರು ನಿಜ.

ಕೇಟಿ ಕಾವೇರಿ

ಶೂಲೆನ್‌ಬರ್ಗ್ ಹೆಸರು ಬಂದದ್ದರಿಂದ ಹೇಳುತ್ತೇನೆ, ಅದರ ಸುತ್ತಲಿನ ಹೈ ಹಿಲ್, ಡುಬಿನಾ, ಆಮನ್ಸ್‌ವಿಲ್, ಪ್ರಾಹಾ ಹಳ್ಳಿಗಳಲ್ಲಿ ಬಣ್ಣ ಬಳಿದ ಚರ್ಚುಗಳಿವೆ. ಹೊರಗಿನಿಂದ ಸಾದಾ. ಒಳಗೆ ಹೋದರೆ ಮರದ ಛಾವಣಿಯ ತುಂಬ ಬಳ್ಳಿ, ಹೂವು, ನಕ್ಷತ್ರ. ಜರ್ಮನ್, ಜೆಕ್ ವಲಸಿಗರು ತಮ್ಮ ಊರಿನ ಚರ್ಚುಗಳನ್ನು ನೆನೆದು ಮಾಡಿಸಿದ್ದು. ಅದಕ್ಕೇ ಬೇರೆ ದಿನ ಬೇಕು, ಈ ಶನಿವಾರಕ್ಕೆ ಸೇರಿಸಬೇಡಿ. ಚಳಿಗಾಲದಲ್ಲಿ ನೀವೇ ಹೋಗಿ ಬನ್ನಿ.

ಡಲ್ಲಾಸ್‌ನ ಧಾರವಾಡದವ

ವಿಸಿಟರ್ ವೀಸಾದಲ್ಲಿರುವವರು ಪಾಸ್‌ಪೋರ್ಟ್ ಇಟ್ಟುಕೊಳ್ಳಬೇಕೇ? ದಾರಿಯಲ್ಲಿ ಗಡಿ ಕಾವಲು ಪಡೆಯವರು ತಪಾಸಣೆ ಮಾಡುತ್ತಾರೆ ಎಂದು ಕೇಳಿದ್ದೇನೆ.

ನದಿದಂಡೆ

ಆ ಖಾಯಂ ತಪಾಸಣಾ ಠಾಣೆಗಳು ಮೆಕ್ಸಿಕೊ ಗಡಿಯ ಕಡೆ ಇವೆ. ಸೌತ್ ಪಾದ್ರೆ ದ್ವೀಪದಿಂದ ವಾಪಸು ಬರುವಾಗ ಸರೀಟಾದಲ್ಲಿ ಅಥವಾ ಫಾಲ್ಫುರಿಯಸ್‌ನಲ್ಲಿ ನಿಲ್ಲಿಸುತ್ತಾರೆ. ಹ್ಯೂಸ್ಟನ್–ಸ್ಯಾನ್ ಆಂಟೋನಿಯೊ ಮಧ್ಯೆ ಅಂಥದ್ದಿಲ್ಲ. ಆದರೂ ಪಾಸ್‌ಪೋರ್ಟ್, ಪ್ರಯಾಣ ವಿಮೆಯ ಪ್ರತಿ, ಅವರ ಮಾತ್ರೆಗಳ ಚೀಟಿ ಮೂರೂ ಕಾರಿನಲ್ಲಿರಲಿ.

ತುಂಗೆಯ ಮಗಳು

ಸಂಜೆ ನಾಲ್ಕಕ್ಕೇ ಹೊರಡಬೇಕೆ ಎಂದು ಸಂಶಯಪಡಬೇಡಿ. ವಾಪಸು ಬರುವ ಎರಡೂವರೆ ಗಂಟೆಯೇ ನನಗೆ ಯಾವಾಗಲೂ ಹೆದರಿಕೆ. 2023ರ ಅಕ್ಟೋಬರ್ 14ರಂದು ಕಂಕಣ ಗ್ರಹಣ ನೋಡಲು ನಾವು ನಾಲ್ಕು ಜನ ಹ್ಯೂಸ್ಟನ್‌ನಿಂದ ಹೋಗಿದ್ದೆವು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸೂರ್ಯ ಬಳೆಯಂತೆ ಆದದ್ದನ್ನು ನೋಡಿ, ಆ ಸಂಭ್ರಮದಲ್ಲಿ ಊರೆಲ್ಲ ಸುತ್ತಿ, ರಾತ್ರಿ ಎಂಟಕ್ಕೆ ಹೊರಟೆವು. ಫ್ಲೇಟೋನಿಯಾ ದಾಟಿದ ಮೇಲೆ ಓಡಿಸುತ್ತಿದ್ದ ನನ್ನ ಗಂಡನ ತಲೆ ಒಂದು ಕ್ಷಣ ವಾಲಿತು. ರಸ್ತೆಯಂಚಿನ ಉಬ್ಬುಪಟ್ಟಿಯ ಮೇಲೆ ಚಕ್ರ ಹರಿದು ಗರ್ರ್ ಎಂದಿತು. ಆ ಶಬ್ದಕ್ಕೆ ಎಚ್ಚರವಾದದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ಅಲ್ಲಿಂದ ಮುಂದೆ ಪೆಟ್ರೋಲ್ ಬಂಕೊಂದರಲ್ಲಿ ನಿಲ್ಲಿಸಿ ಒಂದು ಗಂಟೆ ಮಲಗಿ ಬಂದೆವು.

ಓಡಿಸುವವರು ಇಬ್ಬರಿದ್ದರೆ ಲೂಲಿಂಗ್‌ನಲ್ಲಿ ಕೈ ಬದಲಿಸಿ. ಬೆಳಗ್ಗೆ ನೀವು, ಸಂಜೆ ಯಾರು ಎಂದು ಮೊದಲೇ ಮಾತಾಡಿಕೊಳ್ಳಿ.

ಆಸ್ಟಿನ್ ವಾಸಿ

ಒಂದು ಸಮಾಧಾನದ ವಿಷಯ ಹೇಳುತ್ತೇನೆ. ಹ್ಯೂಸ್ಟನ್ ಕಡೆಯವರಿಗೆ ಈ ದಾರಿ ಅನುಕೂಲ. ಬೆಳಗ್ಗೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಬೆನ್ನ ಹಿಂದೆ, ಸಂಜೆ ಪೂರ್ವಕ್ಕೆ ಬರುವಾಗಲೂ ಬೆನ್ನ ಹಿಂದೆ. ಕಣ್ಣಿಗೆ ಬಿಸಿಲು ಹೊಡೆಯುವುದೇ ಇಲ್ಲ. ಸ್ಯಾನ್ ಆಂಟೋನಿಯೊದಿಂದ ಹ್ಯೂಸ್ಟನ್‌ಗೆ ಹೋಗಿ ಬರುವವರಿಗೆ ಎರಡು ಹೊತ್ತೂ ಎದುರು ಬಿಸಿಲು.

ನದಿದಂಡೆ

ಹನ್ನೆರಡು ವರ್ಷದಿಂದ ಅದನ್ನು ಅನುಭವಿಸುತ್ತಿದ್ದೇನೆ!

ಹೊನ್ನಾವರದ ಹಕ್ಕಿ

ಮಳೆಯ ಮುನ್ಸೂಚನೆ ನೋಡಿಕೊಳ್ಳಿ. ಜೂನ್‌ನಲ್ಲಿ ಗುಡುಗು ಮಳೆ ಬಂದರೆ ನಾಲ್ಕು ಹನಿ ಎಂದು ಸಸಾರ ಮಾಡಬಾರದು. ನಾನು ಕರಾವಳಿಯವ, ಮಳೆ ನೋಡಿ ಬೆಳೆದವನು. ಆದರೂ ಇಲ್ಲಿಯ ಹಳ್ಳಗಳು ನೀರೇರುವ ವೇಗ ಬೇರೆ. ನೆಲದಡಿ ಸುಣ್ಣಕಲ್ಲು, ಮೇಲೆ ತೆಳು ಮಣ್ಣು, ನೀರು ಇಂಗುವುದಿಲ್ಲ. 2025ರ ಜುಲೈ 4ರ ನಸುಕಿನಲ್ಲಿ ಕರ್ವಿಲ್ ಕಡೆ ಗ್ವಾಡಲೂಪ್ ನದಿ ಉಕ್ಕಿ ನೂರಕ್ಕೂ ಹೆಚ್ಚು ಜನ ಹೋದರು, ಬಹಳ ಮಂದಿ ಮಕ್ಕಳು. ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಅದು ಎಷ್ಟೇ ಸಣ್ಣದಾಗಿ ಕಂಡರೂ ಗಾಡಿ ಇಳಿಸಬೇಡಿ, ತಿರುಗಿಸಿಕೊಂಡು ಹೋಗಿ. ಮಿಷನ್‌ಗಳ ಸುತ್ತ ಅಂಥ ತಗ್ಗು ದಾಟುಗಳಿವೆ.

ನದಿದಂಡೆ

ಸರಿಯಾದ ಎಚ್ಚರಿಕೆ. ರಿವರ್ ವಾಕ್ ಹುಟ್ಟಿದ್ದೂ ಪ್ರವಾಹದಿಂದಲೇ. 1921ರಲ್ಲಿ ನಗರದ ಮಧ್ಯೆ ನೀರು ನುಗ್ಗಿ ಐವತ್ತರಷ್ಟು ಜನ ಸತ್ತರು. ಆಮೇಲೆ ನದಿಯ ಬಾಗನ್ನೇ ಮುಚ್ಚಿಬಿಡುವ ಮಾತು ಬಂತು. ಊರವರು ವಿರೋಧಿಸಿದರು. ರಾಬರ್ಟ್ ಹಗ್‌ಮನ್ ಎಂಬ ವಾಸ್ತುಶಿಲ್ಪಿ 1929ರಲ್ಲಿ ನದಿಯನ್ನು ಉಳಿಸಿ ದಂಡೆಯನ್ನು ಓಡಾಡುವ ಜಾಗ ಮಾಡುವ ಯೋಜನೆ ಕೊಟ್ಟರು. ಕಲ್ಲಿನ ಮೆಟ್ಟಿಲು, ಸೇತುವೆ ಎಲ್ಲ 1941ರ ಹೊತ್ತಿಗೆ ಆದವು. ದೋಣಿಯಲ್ಲಿ 35 ನಿಮಿಷ ಸುತ್ತಿಸುತ್ತಾರೆ, ಮಂಡಿನೋವಿರುವ ಅಮ್ಮನಿಗೆ ಅದೇ ಒಳ್ಳೆಯದು. ರಸ್ತೆಯಿಂದ ಒಂದು ಅಂತಸ್ತು ಕೆಳಗಿಳಿಯಬೇಕು, ಲಿಫ್ಟ್ ಇರುವ ಕಡೆಯಿಂದ ಇಳಿಯಿರಿ. ಬಹಳ ಕಡೆ ನೀರಿನ ಅಂಚಿಗೆ ಕಟಕಟೆ ಇಲ್ಲ. ಮಗನ ಕೈ ಬಿಡಬೇಡಿ.

ಭದ್ರಾ ತೀರ (ಜೂನ್, ಭಾನುವಾರ ಮಧ್ಯಾಹ್ನ)

ಹೋಗಿ ಬಂದೆವು. ಎಲ್ಲರಿಗೂ ಬರೆದು ತಿಳಿಸಬೇಕೆಂದು ಕುಳಿತಿದ್ದೇನೆ.

ಬೆಳಗ್ಗೆ 5:40ಕ್ಕೆ ಮನೆ ಬಿಟ್ಟೆವು. ಕೊಲಂಬಸ್‌ನಲ್ಲಿ ಹತ್ತು ನಿಮಿಷ, ಲೂಲಿಂಗ್‌ನಲ್ಲಿ ಅರ್ಧ ಗಂಟೆ. ರಾತ್ರಿಪಾಳಿ ಮೇಡಂ ಹೇಳಿದಂತೆ ಪ್ರತಿ ಸಲ ನಾನೇ ಮೊದಲು ಇಳಿದೆ. ಅಮ್ಮ ಹಿಂದೆಯೇ ಬಂದರು. ಎರಡು ಬಾಟಲಿ ಮಜ್ಜಿಗೆ ಮಧ್ಯಾಹ್ನದೊಳಗೆ ಖಾಲಿ.

ಎಸ್ಪಾಡಾ ನಾಲೆಯ ಹತ್ತಿರ ನಾವು ಇಳಿದಾಗ ಒಂಬತ್ತಾಗಿರಲಿಲ್ಲ, ನಮ್ಮನ್ನು ಬಿಟ್ಟರೆ ಸೈಕಲ್ ಮೇಲೆ ಬಂದ ಇಬ್ಬರು. ಅಪ್ಪ ಮೇಲ್ಗಾಲುವೆಯನ್ನು ಮೊದಲು ದೂರದಿಂದ ನೋಡಿದರು. ಆಮೇಲೆ ಹತ್ತಿರ ಹೋಗಿ, ಕೊಡೆಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಕಮಾನಿನ ಕಲ್ಲುಗಳ ಸಂದಿಯಲ್ಲಿ ಬೆರಳಾಡಿಸಿದರು. ಗಾರೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು "ಸುಣ್ಣದ ಗಾರೆ" ಎಂದರು. ಮೊಮ್ಮಗನನ್ನು ಕರೆದು ಒಂದು ಒಣ ಎಲೆ ಆರಿಸಿ ನೀರಿಗೆ ಬಿಡಿಸಿದರು. ಎಲೆ ಹೋಗುತ್ತಿದ್ದಂತೆ ಅದರ ಜೊತೆಜೊತೆಗೆ ದಂಡೆಯಲ್ಲಿ ಹೆಜ್ಜೆ ಹಾಕುತ್ತಾ ಎಣಿಸಿದರು. ಭದ್ರಾ ಬಲದಂಡೆ ನಾಲೆಯ ಮೇಲೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀರಿನ ವೇಗವನ್ನು ಹೀಗೆಯೇ ಅಂದಾಜು ಮಾಡುತ್ತಿದ್ದರಂತೆ. ನನಗೆ 41 ವರ್ಷ, ಈ ಮಾತನ್ನು ನಾನು ಕೇಳಿದ್ದು ಮೊದಲ ಸಲ. ಒಂದು ಗಂಟೆ ಅಲ್ಲಿಯೇ ಕಳೆದೆವು. ನಾಲೆಗೆ ನೀರು ಬಿಡುವ ಸೌಡಿಗಳ ಕಥೆ, ತೂಬಿನ ಬೀಗ ಒಡೆದ ಕಥೆ, ಬೇಸಿಗೆಯಲ್ಲಿ ರಾತ್ರಿ ನಾಲೆ ಕಾಯುತ್ತಿದ್ದ ಕಥೆ. ಅಮ್ಮ ಮಡಚುವ ಕುರ್ಚಿಯಲ್ಲಿ ಮರದ ನೆರಳಲ್ಲಿ ಕುಳಿತು, ತಮಗೆ ಗೊತ್ತಿದ್ದ ಕಥೆಗಳನ್ನು ನಡುನಡುವೆ ತಿದ್ದುತ್ತಿದ್ದರು.

ಸ್ಯಾನ್ ಹೋಸೆ ಮಿಷನ್‌ನಲ್ಲಿ ಕಲ್ಲಿನ ಗುಲಾಬಿ ಕಿಟಕಿ ನೋಡಿ ಅಮ್ಮನಿಗೆ ಬೇಲೂರು ನೆನಪಾಯಿತು. 11:30ಕ್ಕೆ ಅಲಾಮೊ ಟಿಕೆಟ್. ಒಳಗೆ ತಂಪು, ಮೌನ. ಅಪ್ಪ ಟೋಪಿ ತೆಗೆದು ನಿಂತರು. ಹಳಗನ್ನಡಿಗ ಸರ್, ಗುಲಾಮಗಿರಿಯ ವಿಷಯವನ್ನೂ ಮಗನಿಗೆ ಹೇಳಿದೆ. ಜೋ ಆಮೇಲೆ ಏನಾದ ಎಂದು ಕೇಳಿದ. ಮಾರನೆಯ ವರ್ಷ ತಪ್ಪಿಸಿಕೊಂಡು ಓಡಿಹೋದ ಎಂದಾಗ ಅವನಿಗೆ ಸಮಾಧಾನವಾಯಿತು.

ದೋಣಿಯಲ್ಲಿ ಅಮ್ಮ ಅರ್ಧ ನಿದ್ದೆ ಮಾಡಿದರು. ನಾಲ್ಕಕ್ಕೆ ಹೊರಟು, ಹೆಂಡತಿ ಲೂಲಿಂಗ್‌ವರೆಗೆ, ಅಲ್ಲಿಂದ ನಾನು. 7:20ಕ್ಕೆ ಮನೆ. ಅವಳು ಒಂಬತ್ತಕ್ಕೆ ಮಲಗಿ ಬೆಳಗ್ಗೆ ಕೆಲಸಕ್ಕೆ ಹೋದಳು. ಟವರ್ ಇಲ್ಲ, ಗುಹೆ ಇಲ್ಲ, ಯಾರೂ ಕೇಳಲೂ ಇಲ್ಲ.

ನದಿದಂಡೆ

ಬಹಳ ಸಂತೋಷವಾಯಿತು. ತಂದೆಯವರು ಮತ್ತೇನಾದರೂ ಹೇಳಿದರೇ?

ಭದ್ರಾ ತೀರ

ವಾಪಸು ಬರುವಾಗ ಗ್ವಾಡಲೂಪ್ ದಾಟುವವರೆಗೆ ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಲ್ಲಿ ನಾಲೆಯ ಕೊನೆಭಾಗದ ರೈತರಿಗೆ ನೀರು ತಲುಪುತ್ತದೆಯಂತಾ?" ನನಗೆ ಗೊತ್ತಿರಲಿಲ್ಲ. ಸರ್, ನಿಮಗೆ ಗೊತ್ತಿದ್ದರೆ ಹೇಳಿ, ಊರಿಗೆ ಹೊರಡುವುದರೊಳಗೆ ಅವರಿಗೆ ತಿಳಿಸಬೇಕು.

ನದಿದಂಡೆ

ಶನಿವಾರ ಬೆಳಗ್ಗೆ ನಾನೇ ಆ ನಾಲೆಯ ಕೊನೆಯವರೆಗೆ ನಡೆದು ನೋಡಿ ಬರುತ್ತೇನೆ. ಚಿತ್ರ ತೆಗೆದು ಇಲ್ಲಿಯೇ ಹಾಕುತ್ತೇನೆ.

ಬೆಣ್ಣೆದೋಸೆ

ಅಲಾಮೊ ಟಿಕೆಟ್ ಎಷ್ಟು ದಿನ ಮುಂಚೆ ತೆಗೆದುಕೊಂಡಿರಿ? ನಮ್ಮ ಮಾವನವರು ಮುಂದಿನ ವಾರ ಬರುತ್ತಿದ್ದಾರೆ.

ಭದ್ರಾ ತೀರ

ಹತ್ತು ದಿನ ಮುಂಚೆ. ಹನ್ನೊಂದರ ನಂತರದ ಸಮಯವನ್ನೇ ಹಿಡಿಯಿರಿ ಅಣ್ಣ, ಬೆಳಗಿನ ತಂಪನ್ನು ಹೊರಗೆ ಓಡಾಡಲು ಇಟ್ಟುಕೊಳ್ಳಿ.